ಕತೆಗಾರ್ತಿ ಫ್ಲ್ಯಾನರಿ ಓಕಾನರ್



ಭಾನುವಾರಗಳಂದು ವ್ಯಾಕರಣದ ಸಂದೇಹಗಳನ್ನು ಹೊತ್ತು ಅಣ್ಣಾ ನಗರ್‌ನಲ್ಲಿರುವ ನನ್ನ ಮನೆಗೆ ಬರುವ ನಿಮ್ಮಲ್ಲಿ ಅನೇಕರು ನನ್ನ ತಂಗಿಯನ್ನು ಬಲ್ಲಿರಿ. ನೀವು ಅವಳನ್ನು ಅಕ್ಕಾ ಎಂದು ಕರೆಯುತ್ತೀರಿ. ಅವಳು ನಿಮಗೆ ನಿಂಬೆಹಣ್ಣಿನ ಪಾನಕ ಮಾಡಿಕೊಡುತ್ತಾಳೆ. ಆದರೆ ಅವಳ ನಡವಳಿಕೆಯಲ್ಲಿ ನಿಮಗೆ ಒಗಟಾಗಿ ತೋರಿದ ಸಂಗತಿಗಳೂ ಉಂಟು. ಹಾಡೇ ಹಗಲಿನಲ್ಲಿ ನಮ್ಮ ಮನೆಯ ಕಿಟಕಿಗಳಿಗೆ ಪರದೆ ಎಳೆದಿರುವುದೇಕೆ? ಮೂಲೆಯ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಬೇಕಾದರೂ ತುಂಬುತೋಳಿನ ರವಿಕೆ, ಕೊಡೆ ಏಕೆ? ಒಂದು ಭಾನುವಾರ ನಗುನಗುತ್ತ ಪಾನಕ ಹಂಚಿದವಳು ಮರುವಾರ ಕೋಣೆಯಿಂದ ಹೊರಗೇ ಬಾರದಿರುವುದೇಕೆ? ಕೆಲವು ತಿಂಗಳ ಹಿಂದೆ ನಿಮ್ಮಲ್ಲೊಬ್ಬ ಹುಡುಗನು ಹೊರಡುವಾಗ ಚಪ್ಪಲಿ ಮೆಟ್ಟುತ್ತ, ದನಿ ತಗ್ಗಿಸಿ, ಅಕ್ಕನ ಕಾಯಿಲೆ ಅಂಟುವಂಥದೇ ಎಂದು ಕೇಳಿದನು. ಅಲ್ಲ ಎಂದಷ್ಟೇ ಹೇಳಿ ಕಳುಹಿಸಿಬಿಟ್ಟೆ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಉತ್ತರವೇ ಮೊಟಕಾಗಿತ್ತು. ಈ ವರ್ಷದ ಸಂಚಿಕೆಗೆ ಯಾರಾದರೊಬ್ಬ ಪ್ರಸಿದ್ಧರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಆ ಹುಡುಗನಿಗೆ ಕೊಡಬೇಕಾಗಿದ್ದ ಪೂರ್ತಿ ಉತ್ತರವನ್ನು ಇಲ್ಲಿಯೇ ಕೊಡೋಣವೆಂದು ನಿಶ್ಚಯಿಸಿದೆ. ತಂಗಿಯ ಒಪ್ಪಿಗೆಯನ್ನು ಪಡೆದೇ ಬರೆಯುತ್ತಿದ್ದೇನೆ.

ಅವಳ ಕಾಯಿಲೆಯ ಹೆಸರು ಲೂಪಸ್. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ತೋಳ ಎಂದು ಅರ್ಥ. ಚರ್ಮದ ಮೇಲೆ ತೋಳ ಕಚ್ಚಿದಂಥ ಹುಣ್ಣುಗಳಾಗುವುದನ್ನು ಕಂಡು ಹಿಂದಿನ ಕಾಲದ ಯೂರೋಪಿನ ವೈದ್ಯರು ಹಾಗೆ ಕರೆದರಂತೆ. ನಮ್ಮ ಶರೀರದೊಳಗೆ ರೋಗಾಣುಗಳೊಡನೆ ಹೋರಾಡುವ ಒಂದು ಕಾವಲು ಪಡೆಯಿದೆಯೆಂದು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಲೂಪಸ್ ಬಂದವರಲ್ಲಿ ಆ ಪಡೆಯು ಹೊರಗಿನ ಶತ್ರುವನ್ನು ಬಿಟ್ಟು ಶರೀರದ ಮೇಲೆಯೇ ಕೈಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆಯನ್ನು ನಾನು ಕಾಣೆ. ಇಂದು ಕೀಲು, ನಾಳೆ ಚರ್ಮ, ಮತ್ತೊಮ್ಮೆ ರಕ್ತ, ಕೆಲವರಲ್ಲಿ ಮೂತ್ರಪಿಂಡ, ಹೀಗೆ ಎಲ್ಲಿ ಬೇಕಾದರೂ ಅದು ಮೇಯಬಹುದು. ಕೆಲವರ ಮೂಗಿನ ಮೇಲೂ ಎರಡು ಕೆನ್ನೆಗಳ ಮೇಲೂ ಚಿಟ್ಟೆಯು ರೆಕ್ಕೆ ಬಿಚ್ಚಿದಂತೆ ಕೆಂಪು ಮಚ್ಚೆ ಏಳುತ್ತದೆ. ಬಿಸಿಲು ತಾಗಿದರೆ ರೋಗ ಕೆರಳುತ್ತದೆ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸ್ತ್ರೀಯರು, ಅದರಲ್ಲಿಯೂ ಪ್ರಾಯದವರು. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಒಮ್ಮೆ ಬಂದರೆ ಸಂಪೂರ್ಣವಾಗಿ ಬಿಟ್ಟು ಹೋಗುವುದೂ ಇಲ್ಲ. ಔಷಧದಿಂದ ಹತೋಟಿಯಲ್ಲಿಟ್ಟುಕೊಂಡು ಬಾಳಬೇಕು.

ಎಲ್ಲಕ್ಕಿಂತ ವಿಚಿತ್ರವಾದುದು ಅದರ ಆಯಾಸ. ಹೊರಗಿನವರ ಕಣ್ಣಿಗೆ ಅದು ಕಾಣುವುದಿಲ್ಲ. ನನಗೂ ಕಾಣಲಿಲ್ಲ. ತಂಗಿ ನಮ್ಮ ಚಿತ್ರದುರ್ಗದ ಕಡೆಯ ಊರಿನಿಂದ ನನ್ನ ಬಳಿಗೆ ಬಂದ ಹೊಸತರಲ್ಲಿ, ಒಂದು ಬೆಳಗ್ಗೆ ನೀರಿನ ಲಾರಿ ಬಂದು ಹೋದರೂ ಅವಳು ಕೆಳಗಿಳಿದು ಕೊಡಗಳನ್ನು ತುಂಬಿರಲಿಲ್ಲ. ಪಟ್ಟಣಕ್ಕೆ ಬಂದು ಸೋಮಾರಿಯಾದೆ ಎಂದು ಗದರಿದೆ. ಅವಳು ಏನೂ ಹೇಳದೆ ತನ್ನ ಬಲಗೈಯನ್ನು ಮುಂದೆ ಚಾಚಿದಳು. ಬೆರಳುಗಳು ಮಡಚುತ್ತಿರಲಿಲ್ಲ. ಕೊಡದ ಕಂಠವನ್ನು ಹಿಡಿಯಲು ಆಗದ ಕೈ ಅದು. ಆ ಬೆಳಗನ್ನು ನಾನು ಮರೆತಿಲ್ಲ.

ಇನ್ನು ನನ್ನ ಕಥಾನಾಯಕಿಯ ವಿಷಯಕ್ಕೆ ಬರುತ್ತೇನೆ. ಈ ರೋಗದೊಡನೆ ಬಾಳಿದ ಕನ್ನಡ ನಾಡಿನ ಹೆಸರಾಂತರೊಬ್ಬರ ಚರಿತ್ರೆಯನ್ನು ಹೇಳಬಹುದಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ನನಗೆ ದೊರೆತದ್ದು ಸಮುದ್ರದಾಚೆಯ ಒಬ್ಬ ಕತೆಗಾರ್ತಿಯ ಚರಿತ್ರೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ನಾನು ಎಗ್ಮೋರಿನ ಕನ್ನೆಮರಾ ಗ್ರಂಥಾಲಯದಲ್ಲಿ ಕುಳಿತು, ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು, ಅದನ್ನು ನಿಧಾನವಾಗಿ ಓದಿ ಮುಗಿಸಿದೆ.

ಮೇರಿ ಫ್ಲ್ಯಾನರಿ ಓಕಾನರ್ 1925ನೆಯ ಇಸವಿ ಮಾರ್ಚ್ 25ರಂದು ಅಮೆರಿಕಾದ ದಕ್ಷಿಣ ಭಾಗದಲ್ಲಿರುವ ಜಾರ್ಜಿಯಾ ರಾಜ್ಯದ ಸವಾನಾ ಎಂಬ ಪಟ್ಟಣದಲ್ಲಿ ಜನಿಸಿದಳು. ತಂದೆ ಎಡ್ವರ್ಡ್, ತಾಯಿ ರೆಜೀನಾ. ಅವರಿಗೆ ಇವಳೊಬ್ಬಳೇ ಸಂತಾನ. ಮನೆತನದವರು ಕೆಥೊಲಿಕ್ ಕ್ರೈಸ್ತರು. ಸುತ್ತಲಿನ ಜನರಲ್ಲಿ ಹೆಚ್ಚಿನವರು ಬೇರೆ ಪಂಗಡದ ಕ್ರೈಸ್ತರಾಗಿದ್ದುದರಿಂದ ಅವರು ಅಲ್ಪಸಂಖ್ಯಾತರಾಗಿದ್ದರು. ಹುಡುಗಿಗೆ ಎಳವೆಯಿಂದಲೂ ಹಕ್ಕಿಗಳ ಹುಚ್ಚು. ಐದಾರು ವರ್ಷದವಳಾಗಿದ್ದಾಗ ಒಂದು ಕೋಳಿಗೆ ಹಿಮ್ಮೊಗವಾಗಿ ನಡೆಯಲು ಕಲಿಸಿದ್ದಳು. ಅದನ್ನು ಚಿತ್ರೀಕರಿಸಲು ಚಲನಚಿತ್ರ ವಾರ್ತೆಯ ಸಂಸ್ಥೆಯೊಂದು ದೂರದಿಂದ ಛಾಯಾಗ್ರಾಹಕನನ್ನು ಕಳುಹಿಸಿತು. ಕೋಳಿಗಳಿಗೆ ಅಂಗಿ ಹೊಲಿದು ತೊಡಿಸುವುದೂ ಅವಳ ವಿನೋದಗಳಲ್ಲಿ ಒಂದಾಗಿತ್ತು.

ಮುಂದೆ ಕುಟುಂಬವು ಅದೇ ರಾಜ್ಯದ ಮಿಲೆಜ್‌ವಿಲ್ ಎಂಬ ಸಣ್ಣ ಊರಿನಲ್ಲಿ, ತಾಯಿಯ ತವರಿನಲ್ಲಿ, ನೆಲೆಸಿತು. ಆ ವೇಳೆಗೆ ತಂದೆಯು ಕಾಯಿಲೆ ಬಿದ್ದಿದ್ದನು. ಅವನ ಕಾಯಿಲೆಯೂ ಲೂಪಸ್ಸೇ. ಆಗ ಅದಕ್ಕೆ ತಕ್ಕ ಔಷಧವಿರಲಿಲ್ಲ. 1941ನೆಯ ಇಸವಿ ಫೆಬ್ರವರಿ 1ರಂದು, ನಡುವಯಸ್ಸಿನಲ್ಲಿಯೇ, ಅವನು ತೀರಿಕೊಂಡನು. ಹದಿನೈದು ವರ್ಷದ ಮಗಳು ತಂದೆಯನ್ನು ಬಹಳವಾಗಿ ಹಚ್ಚಿಕೊಂಡಿದ್ದವಳು. ಆದರೆ ಅವನ ವಿಚಾರವನ್ನು ಮುಂದೆ ಅವಳು ಎತ್ತುತ್ತಿದ್ದುದೇ ಅಪರೂಪ.

ಊರಿನ ಮಹಿಳಾ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1945ರಲ್ಲಿ ಪದವೀಧರೆಯಾದಳು. ಕಾಲೇಜಿನ ಪತ್ರಿಕೆಗೆ ವ್ಯಂಗ್ಯಚಿತ್ರಗಳನ್ನು ಬರೆದು ಹೆಸರಾದಳು. ಅನಂತರ ಉತ್ತರದ ಅಯೋವಾ ವಿಶ್ವವಿದ್ಯಾನಿಲಯಕ್ಕೆ ಹೋದಳು. ಅಲ್ಲಿ ಕಥಾರಚನೆಯನ್ನು ಕಲಿಸುವ ವಿಭಾಗದ ಮುಖ್ಯಸ್ಥ ಪಾಲ್ ಎಂಗಲ್ ಎಂಬ ಕವಿಯನ್ನು ಕಂಡು ಮಾತನಾಡಿದಳು. ಅವಳ ದಕ್ಷಿಣದ ಉಚ್ಚಾರಣೆಯು ಅವನಿಗೆ ಒಂದಿಷ್ಟೂ ಅರ್ಥವಾಗಲಿಲ್ಲ. ಹೇಳುವುದನ್ನು ಬರೆದು ತೋರಿಸೆಂದು ಕಾಗದವನ್ನು ಮುಂದಿಟ್ಟನು. ಈ ಪ್ರಸಂಗವನ್ನು ಓದಿದಾಗ ನನಗೆ ನಗು ಬಂದಿತು. ಚೆನ್ನೈಗೆ ಬಂದ ಮೊದಲ ವರ್ಷ ನನ್ನ ತಮಿಳಿಗೆ ಆಗುತ್ತಿದ್ದ ಮರ್ಯಾದೆಯೂ ಅಂಥದೇ ಆಗಿತ್ತು. 1946ರಲ್ಲಿ ಅವಳ ಮೊದಲ ಕತೆ ಪ್ರಕಟವಾಯಿತು. ಹೆಸರಿನ ಮೊದಲ ಭಾಗವಾದ ಮೇರಿಯನ್ನು ಕೈಬಿಟ್ಟು ಫ್ಲ್ಯಾನರಿ ಓಕಾನರ್ ಎಂದು ಬರೆಯತೊಡಗಿದಳು.

1949ರಿಂದ ಅವಳು ಕನೆಕ್ಟಿಕಟ್ ರಾಜ್ಯದಲ್ಲಿ ರಾಬರ್ಟ್ ಫಿಟ್ಸ್‌ಜೆರಲ್ಡ್ ಎಂಬ ಕವಿಯ ಮನೆಯಲ್ಲಿ ಬಾಡಿಗೆಗೆ ಇದ್ದಳು. ಅವನ ಹೆಂಡತಿ ಸ್ಯಾಲಿ ಅವಳಿಗೆ ಒಡಹುಟ್ಟಿದವಳಂತಾದಳು. ಅಲ್ಲಿ ಅವಳು ತನ್ನ ಮೊದಲ ಕಾದಂಬರಿಯನ್ನು ಬರೆಯುತ್ತಿದ್ದಳು. ತನ್ನ ಊರಿನಿಂದ ದೂರವಿದ್ದರಲ್ಲದೆ ತಾನು ಬರೆಯಲಾರೆನೆಂಬುದು ಆಗ ಅವಳ ದೃಢವಾದ ನಂಬಿಕೆ.

1950ರ ಡಿಸೆಂಬರಿನಲ್ಲಿ, ಕಾದಂಬರಿಯನ್ನು ಬೆರಳಚ್ಚು ಮಾಡುತ್ತಿರುವಾಗ, ತೋಳುಗಳನ್ನು ಎತ್ತುವುದು ಕಷ್ಟವಾಯಿತು. ಕ್ರಿಸ್ಮಸ್ ಹಬ್ಬಕ್ಕೆಂದು ರೈಲು ಹತ್ತಿ ಊರಿಗೆ ಹೊರಟಳು. ಪ್ರಯಾಣದಲ್ಲಿ ಕಾಯಿಲೆ ಉಲ್ಬಣಿಸಿತು. ರೈಲಿನಿಂದ ಇಳಿದ ಇಪ್ಪತ್ತೈದು ವರ್ಷದ ಯುವತಿಯು ಮುದುಕಿಯಂತೆ ಕಾಣುತ್ತಿದ್ದಳು. ಮೊದಲು ಅದನ್ನು ಸಂಧಿವಾತವೆಂದು ತಿಳಿದರು. ಅಟ್ಲಾಂಟಾ ನಗರದ ಡಾಕ್ಟರ್ ಆರ್ಥರ್ ಮೆರಿಲ್ ಎಂಬುವರು ರೋಗಲಕ್ಷಣಗಳನ್ನು ಕೇಳಿ ಲೂಪಸ್ ಇರಬಹುದೆಂದು ಊಹಿಸಿದರು; ಪರೀಕ್ಷೆಯಿಂದ ಅದು ನಿಜವಾಯಿತು.

ತಂದೆಯ ರೋಗವೇ ಮಗಳಿಗೆ ಬಂದಿತ್ತು. ಆದರೆ ತಂದೆ ಸತ್ತ ಹತ್ತು ವರ್ಷಗಳಲ್ಲಿ ವೈದ್ಯಶಾಸ್ತ್ರದಲ್ಲಿ ಒಂದು ದೊಡ್ಡ ಸಂಗತಿ ನಡೆದಿತ್ತು. 1948ರಲ್ಲಿ ಅಮೆರಿಕಾದ ಮೇಯೊ ಚಿಕಿತ್ಸಾಲಯದಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯನು ಕಾರ್ಟಿಸೋನ್ ಎಂಬ ರಸವಸ್ತುವನ್ನು ಕೀಲುಬೇನೆಯ ರೋಗಿಗೆ ಕೊಟ್ಟು ಆಶ್ಚರ್ಯಕರವಾದ ಗುಣವನ್ನು ಕಂಡನು. ಅದಕ್ಕಾಗಿ ಅವನಿಗೂ ಕೆಂಡಲ್, ರೈಕ್‌ಸ್ಟೈನ್ ಎಂಬ ಇಬ್ಬರು ವಿಜ್ಞಾನಿಗಳಿಗೂ 1950ರ ನೊಬೆಲ್ ಪಾರಿತೋಷಕ ದೊರೆಯಿತು. ಅದೇ ಜಾತಿಯ ರಸಗಳನ್ನು ಶರೀರದಲ್ಲಿಯೇ ಹುಟ್ಟಿಸುವ ಎ.ಸಿ.ಟಿ.ಎಚ್. ಎಂಬ ಇನ್ನೊಂದು ಔಷಧವೂ ಆಗ ಬಳಕೆಗೆ ಬಂದಿತ್ತು. ಅದನ್ನು ಹಂದಿಗಳ ಮೆದುಳಿನ ಬುಡದಲ್ಲಿರುವ ಸಣ್ಣ ಗ್ರಂಥಿಯಿಂದ ತೆಗೆಯುತ್ತಿದ್ದರು. ಫ್ಲ್ಯಾನರಿಗೆ ಕೊಟ್ಟದ್ದು ಇದನ್ನೇ. ತನ್ನ ಪ್ರಾಣವು ಹಂದಿಗಳ ಕೃಪೆಯಲ್ಲಿ ನಿಂತಿದೆಯೆಂದು ಅವಳು ಮಿತ್ರರಿಗೆ ತಮಾಷೆಯಾಗಿ ಬರೆಯುತ್ತಿದ್ದಳು. ಮೇಲಿಂದ ಮೇಲೆ ರಕ್ತವನ್ನೂ ಕೊಡಬೇಕಾಯಿತು. ತಿಂಗಳುಗಟ್ಟಲೆ ಆಸ್ಪತ್ರೆಯ ವಾಸ. ಕೂದಲು ಉದುರಿತು; ಔಷಧದಿಂದ ಮುಖವು ಕುಂಬಳಕಾಯಿಯಂತೆ ಊದಿಕೊಂಡಿತು. ಈ ಸ್ಥಿತಿಯಲ್ಲಿ ಹಾಸಿಗೆಯಲ್ಲಿಯೇ ಕಾದಂಬರಿಯ ಹಸ್ತಪ್ರತಿಯನ್ನು ತಿದ್ದಿದಳು. ಅದು ವೈಸ್ ಬ್ಲಡ್ ಎಂಬ ಹೆಸರಿನಿಂದ 1952ರಲ್ಲಿ ಹೊರಬಂದಿತು.

ಊದಿದ ಮುಖದ ವಿಷಯವಾಗಿ ಒಂದು ಮಾತು ಹೇಳಬೇಕು. ನನ್ನ ತಂಗಿಗೆ ಗುಳಿಗೆ ಆರಂಭವಾದ ಮೊದಲ ದೀಪಾವಳಿಗೆ ನೆಂಟರೊಬ್ಬರು ಬಂದು, ಪಟ್ಟಣದ ಊಟ ಅವಳ ಮೈಗೆ ಚೆನ್ನಾಗಿ ಹತ್ತಿದೆಯೆಂದು ಸಂತೋಷಪಟ್ಟರು. ಅವರು ಹೋದ ಮೇಲೆ ಅವಳು ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು. ಬಹಳ ದಿನ ಅದು ಹಾಗೆಯೇ ಇದ್ದಿತು.

ಆಸ್ಪತ್ರೆಯಿಂದ ಬಂದ ಫ್ಲ್ಯಾನರಿಗೆ ಮಹಡಿಯ ಮೆಟ್ಟಿಲು ಹತ್ತುವ ಶಕ್ತಿ ಇರಲಿಲ್ಲ. ಆದುದರಿಂದ 1951ರಲ್ಲಿ ತಾಯಿಯು ಅವಳನ್ನು ಊರಿನಿಂದ ನಾಲ್ಕು ಮೈಲಿ ಆಚೆಯಿದ್ದ ತಮ್ಮ ಹೊಲಮನೆಗೆ ಕರೆದೊಯ್ದಳು. ಐನೂರು ಎಕರೆಗೂ ಮಿಕ್ಕಿದ ಆ ಭೂಮಿಯ ಹೆಸರು ಆಂಡಲೂಸಿಯಾ. ತಾಯಿ ರೆಜೀನಾ ಅಲ್ಲಿ ಹಸುಗಳನ್ನು ಸಾಕಿ ಹಾಲಿನ ವ್ಯಾಪಾರ ನಡೆಸುತ್ತಿದ್ದಳು, ಗಟ್ಟಿ ಹೆಂಗಸು. ಆ ಮನೆಯ ನೆಲ ಅಂತಸ್ತಿನಲ್ಲಿದ್ದ ಮುಂಭಾಗದ ಕೋಣೆಯನ್ನೇ ಮಗಳಿಗೆ ಮಲಗುವುದಕ್ಕೂ ಬರೆಯುವುದಕ್ಕೂ ಅಣಿಮಾಡಿದರು. ನಾನು ನಮ್ಮ ಎರಡನೆಯ ಮಹಡಿಯ ಮನೆಯನ್ನು ಬಿಟ್ಟು, ಬಾಡಿಗೆ ಹೆಚ್ಚಾದರೂ, ಈಗಿರುವ ಕೆಳಮನೆಯನ್ನು ಹಿಡಿದದ್ದು ಇದನ್ನು ಓದಿದ ಮೇಲೆಯೇ. ಮೆಟ್ಟಿಲು ಎಂಬುದು ಆರೋಗ್ಯವಂತರಿಗೆ ಕಾಣದ ವಸ್ತು.

ಇಷ್ಟಾದರೂ ಫ್ಲ್ಯಾನರಿಗೆ ತನ್ನ ರೋಗದ ನಿಜವಾದ ಹೆಸರು ತಿಳಿದಿರಲಿಲ್ಲ. ತಂದೆಯನ್ನು ಕೊಂದ ರೋಗವೆಂದು ಕೇಳಿದರೆ ಮಗಳು ಎದೆಯೊಡೆದುಕೊಂಡಾಳೆಂದು ತಾಯಿಯು ಅದನ್ನು ಮುಚ್ಚಿಟ್ಟು, ಸಂಧಿವಾತವೆಂದೇ ಹೇಳುತ್ತ ಬಂದಿದ್ದಳು. ಒಂದು ದಿನವಲ್ಲ, ಎರಡು ದಿನವಲ್ಲ, ಒಂದೂವರೆ ವರ್ಷ. 1952ರ ಬೇಸಿಗೆಯಲ್ಲಿ ಫ್ಲ್ಯಾನರಿ ಸ್ವಲ್ಪ ಚೇತರಿಸಿಕೊಂಡು ಫಿಟ್ಸ್‌ಜೆರಲ್ಡ್ ದಂಪತಿಗಳನ್ನು ನೋಡಲು ಹೋದಾಗ, ಕಾರಿನಲ್ಲಿ ಪ್ರಯಾಣ ಮಾಡುತ್ತಿರುವ ಸಮಯದಲ್ಲಿ, ತನ್ನ ಸಂಧಿವಾತದ ಮಾತನ್ನು ಎತ್ತಿದಳು. ಸ್ಯಾಲಿಗೆ ನಿಜ ಗೊತ್ತಿತ್ತು. ಇನ್ನು ಸುಳ್ಳನ್ನು ನಡೆಸುವುದು ಅವಳಿಂದ ಆಗಲಿಲ್ಲ. ಲೂಪಸ್ ಎಂಬ ಹೆಸರನ್ನು ಹೇಳಿಬಿಟ್ಟಳು. ಫ್ಲ್ಯಾನರಿಯ ಕೈ ನಡುಗಿತು. ಆದರೆ ತಿಳಿಯದೆ ಇರುವುದಕ್ಕಿಂತ ತಿಳಿದಿರುವುದೇ ಮೇಲೆಂದು ಅವಳು ಗೆಳತಿಗೆ ಕೃತಜ್ಞತೆಯನ್ನು ಹೇಳಿದಳು.

ಗ್ರಂಥಾಲಯದಲ್ಲಿ ಈ ಪುಟದ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ಏಕೆಂದರೆ ನಾನು ಮಾಡಿದ್ದೂ ರೆಜೀನಾ ಮಾಡಿದ್ದನ್ನೇ. ತಂಗಿಯ ರೋಗವನ್ನು ಗುರುತಿಸಲು ಒಂದು ವರ್ಷವೇ ಹಿಡಿಯಿತು. ಕೊನೆಗೆ ವೈದ್ಯರು ನನ್ನನ್ನು ಒಳಗೆ ಕರೆದು ಹೆಸರು ಹೇಳಿದಾಗ, ಹೊರಗೆ ಬೆಂಚಿನ ಮೇಲೆ ಕಾದಿದ್ದ ಅವಳಿಗೆ ವಾತದ ಕಾಯಿಲೆಯೆಂದು ಹೇಳಿ ಮನೆಗೆ ಕರೆತಂದಿದ್ದೆ. ಆರು ತಿಂಗಳು ಹಾಗೆಯೇ ನಡೆಸಿದ್ದೆ. ಆ ದಿನ ಗ್ರಂಥಾಲಯದಿಂದ ಬಂದವನೇ, ಕೈಕಾಲು ತೊಳೆಯುವುದಕ್ಕೂ ನಿಲ್ಲದೆ, ಅವಳೆದುರು ಕುಳಿತು ನಿಜವನ್ನು ಹೇಳಿದೆ. ಅವಳು ಅಳಲಿಲ್ಲ. ಆಸ್ಪತ್ರೆಯ ಚೀಟಿಗಳ ಕಡತದಲ್ಲಿ ಆ ಹೆಸರನ್ನು ಮೊದಲ ವಾರದಲ್ಲಿಯೇ ಓದಿದ್ದಳಂತೆ. ಅಣ್ಣನಿಗೆ ನೋವಾಗಬಾರದೆಂದು ತಿಳಿಯದವಳಂತೆ ಇದ್ದಳಂತೆ. ಆರು ತಿಂಗಳ ಕಾಲ ಒಂದೇ ಮನೆಯಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಕಣ್ಣುಕಟ್ಟು ಮಾಡಿಕೊಂಡಿದ್ದೆವು. ಆ ರಾತ್ರಿ ಊಟದ ಹೊತ್ತಿಗೆ ಅವಳು ಮೊದಲ ಸಲ ತನಗೆ ಎಲ್ಲೆಲ್ಲಿ ನೋವೆಂಬುದನ್ನು ಒಂದೊಂದಾಗಿ ಹೇಳಿದಳು. ಅಷ್ಟೊಂದು ಇರಬಹುದೆಂದು ನಾನು ಎಣಿಸಿರಲಿಲ್ಲ.

ನಿಜ ತಿಳಿದ ಮೇಲೆ ಫ್ಲ್ಯಾನರಿ ತನ್ನ ಬಾಳನ್ನು ಹೊಸದಾಗಿ ಲೆಕ್ಕ ಹಾಕಿದಳು. ದೂರದ ನಗರಗಳಲ್ಲಿ ಬಾಳುವ ಆಸೆಯನ್ನು ಬಿಟ್ಟು, ತನ್ನ ಪುಸ್ತಕಗಳನ್ನೂ ಸಾಮಾನುಗಳನ್ನೂ ಆಂಡಲೂಸಿಯಾಕ್ಕೆ ತರಿಸಿಕೊಂಡಳು. ಪಡಿತರದ ಅಂಗಡಿಯಲ್ಲಿ ತಿಂಗಳಿಗೆ ಇಷ್ಟೇ ಅಕ್ಕಿ ಎಂದು ಅಳೆದು ಕೊಡುವಂತೆ, ಅವಳ ಶರೀರವು ದಿನಕ್ಕೆ ಇಷ್ಟೇ ಶಕ್ತಿಯೆಂದು ಅಳೆದು ಕೊಡುತ್ತಿತ್ತು. ಅದರಲ್ಲಿ ಉತ್ತಮವಾದ ಪಾಲನ್ನು ಅವಳು ಬರವಣಿಗೆಗೆ ಮೀಸಲಿಟ್ಟಳು. ಬೆಳಗ್ಗೆ ಬೇಗ ಎದ್ದು ತಾಯಿಯೊಡನೆ ಊರಿನ ದೇವಾಲಯಕ್ಕೆ ಹೋಗಿ ಪೂಜೆ ಮುಗಿಸಿಕೊಂಡು ಬರುವಳು. ಒಂಬತ್ತು ಗಂಟೆಯಿಂದ ಹನ್ನೆರಡರವರೆಗೆ ಬರವಣಿಗೆ. ಮೇಜನ್ನು ಕಿಟಕಿಯ ಕಡೆಗೆ ಹಾಕದೆ, ಬೀರುವಿನ ಬೆನ್ನಿಗೆ ಎದುರಾಗಿ ಹಾಕಿಸಿಕೊಂಡಿದ್ದಳು. ಹೊರಗಿನ ನೋಟವು ಮನಸ್ಸನ್ನು ಸೆಳೆಯಬಾರದೆಂದು. ಆ ಮೂರು ಗಂಟೆಗಳಲ್ಲಿ ಯಾರೂ ಅವಳನ್ನು ಕಾಣುವಂತಿರಲಿಲ್ಲ. ಕೆಲವು ದಿನ ಒಂದು ಸಾಲೂ ಹುಟ್ಟುತ್ತಿರಲಿಲ್ಲ. ಆದರೂ ಕುಳಿತೇ ಇರುವಳು. ಒಂದು ಒಳ್ಳೆಯ ಭಾವನೆ ಬರುವ ವೇಳೆಗೆ ತಾನು ಮೇಜಿನ ಬಳಿ ಇರದಿದ್ದರೆ ಅದು ಬಂದ ದಾರಿಯಲ್ಲಿಯೇ ಹೋದೀತೆಂಬುದು ಅವಳ ವಾದ. ಮಧ್ಯಾಹ್ನದ ಹೊತ್ತು ವಿಶ್ರಾಂತಿ, ಚಿತ್ರ ಬರೆಯುವುದು, ಹಕ್ಕಿಗಳ ಆರೈಕೆ, ಬಂದವರೊಡನೆ ಮಾತು, ಪತ್ರಗಳು. ರಾತ್ರಿ ಒಂಬತ್ತಕ್ಕೆ ಹಾಸಿಗೆ. ಚುಚ್ಚುಮದ್ದನ್ನು ತಾನೇ ಚುಚ್ಚಿಕೊಳ್ಳಲು ಕಲಿತಿದ್ದಳು, ಊಟಕ್ಕೆ ಉಪ್ಪಿಲ್ಲ. ಕೆಲವು ವರ್ಷಗಳ ಮೇಲೆ ಚುಚ್ಚುಮದ್ದಿನ ಬದಲು ಗುಳಿಗೆಗಳು ಬಂದಾಗ ಅವಳಿಗೆ ದೊಡ್ಡ ಬಿಡುಗಡೆಯಾದಂತಾಯಿತು.

ಹೊರಜಗತ್ತಿನೊಡನೆ ಅವಳ ಸಂಬಂಧವು ಬಹುಮಟ್ಟಿಗೆ ಅಂಚೆಯ ಮೂಲಕವೇ ಆಗಿತ್ತು. ದೊಡ್ಡ ಸಾಹಿತಿಗಳಿಗೂ, ತಾನು ಕಂಡಿರದ ಓದುಗರಿಗೂ ಒಂದೇ ಶ್ರದ್ಧೆಯಿಂದ ಬರೆಯುತ್ತಿದ್ದಳು. ಅವಳು ಗತಿಸಿದ ಹದಿನೈದು ವರ್ಷಗಳ ಮೇಲೆ, 1979ರಲ್ಲಿ, ಸ್ಯಾಲಿಯೇ ಅವುಗಳನ್ನು ಆರಿಸಿ ದೊಡ್ಡ ಗ್ರಂಥವಾಗಿ ಹೊರತಂದಳು. ಅವುಗಳಲ್ಲಿ ಕಾಯಿಲೆಯ ಮಾತು ಬಂದರೆ ನಗೆಯ ಜೊತೆಯಲ್ಲಿಯೇ ಬರುತ್ತದೆ. ಒಂದು ಕುಂದನ್ನೂ ಮುಚ್ಚಿಡಬಾರದು. ಕಪ್ಪು ಜನರನ್ನು ಕುರಿತು ಅವಳು ಕೆಲವು ಪತ್ರಗಳಲ್ಲಿ ಬರೆದಿರುವುದು ಓದುವವರಿಗೆ ನಾಚಿಕೆ ತರುವಂತಿದೆ. ಈ ಕಾರಣದಿಂದ 2020ರಲ್ಲಿ ಅಮೆರಿಕಾದ ಒಂದು ವಿದ್ಯಾಪೀಠವು ತನ್ನ ವಿದ್ಯಾರ್ಥಿನಿಲಯದ ಮೇಲಿದ್ದ ಅವಳ ಹೆಸರನ್ನು ತೆಗೆದುಹಾಕಿತು. ನೋವನ್ನು ಉಂಡವರೆಲ್ಲರೂ ಪರರ ನೋವನ್ನು ಅರಿತವರಾಗಿರುತ್ತಾರೆಂದು ಹೇಳಲಾಗುವುದಿಲ್ಲ.

ಇನ್ನು ನವಿಲುಗಳು. ವಡಪಳನಿಯ ದೇವಸ್ಥಾನದಲ್ಲಿ ಮುರುಗನ ವಾಹನವಾಗಿ ನೀವು ಕಾಣುವ ನವಿಲು ನಮ್ಮ ದೇಶದ ಹಕ್ಕಿ. ಅದು ಜಾರ್ಜಿಯಾದ ಹಾಲಿನ ಹೊಲಮನೆಗೆ ಹೇಗೆ ಹೋಯಿತು? 1952ರಲ್ಲಿ ಫ್ಲ್ಯಾನರಿ ಪತ್ರಿಕೆಯ ಜಾಹೀರಾತನ್ನು ನೋಡಿ, ಫ್ಲಾರಿಡಾದಿಂದ ಒಂದು ಗಂಡು, ಒಂದು ಹೆಣ್ಣು, ನಾಲ್ಕು ಮರಿಗಳನ್ನು ತರಿಸಿದಳು. ಪೆಟ್ಟಿಗೆಯಲ್ಲಿ ರೈಲಿನ ಮೇಲೆ ಬಂದವು. ತನ್ನ ಊರಿಗೆ ರೈಲಿನಲ್ಲಿ ಹಿಂದಿರುಗಿ ಬಂದು ಅಲ್ಲಿಯೇ ಉಳಿಯಬೇಕಾದವಳಿಗೆ ಅವು ಒಳ್ಳೆಯ ಸಂಗಾತಿಗಳಾದವು. ಕ್ರಮೇಣ ಅವುಗಳ ಸಂಖ್ಯೆ ನಲವತ್ತರ ಸಮೀಪಕ್ಕೆ ಏರಿತು. ತಾಯಿಯ ಹೂಗಿಡಗಳನ್ನು ತಿಂದವು. ಬೇಲಿಯ ಕಂಬಗಳ ಮೇಲೂ ಮನೆಯ ಸೂರಿನ ಮೇಲೂ ಕುಳಿತು ರಾತ್ರಿಯೆಲ್ಲ ಕೂಗಿದವು. ಅವು ಗರಿ ಬಿಚ್ಚುವ ಗಳಿಗೆಗಾಗಿ ಅವಳು ಮೆಟ್ಟಿಲಿನ ಬಳಿ ಕಾದು ನಿಲ್ಲುವಳು. ಆದರೆ ನವಿಲಿಗೆ ಮನಸ್ಸಿಲ್ಲದಿದ್ದರೆ ಬೆನ್ನು ತಿರುಗಿಸಿಯೇ ನಿಲ್ಲುತ್ತದಲ್ಲ! ಅದನ್ನೂ ಅವಳು ಸಂತೋಷದಿಂದಲೇ ಬರೆದಿದ್ದಾಳೆ.

ಇಷ್ಟು ಸಣ್ಣ ವಲಯದಲ್ಲಿ ಇದ್ದವಳಿಗೆ ಬರೆಯಲು ವಸ್ತು ಎಲ್ಲಿಯದೆಂದು ನೀವು ಕೇಳಬಹುದು. ಮಹಾಯುದ್ಧದಲ್ಲಿ ನೆಲೆ ಕಳೆದುಕೊಂಡ ಪೋಲೆಂಡಿನ ಒಂದು ಕುಟುಂಬವು ಅವಳ ತಾಯಿಯ ಹೊಲದಲ್ಲಿ ಕೆಲಸಕ್ಕೆ ಬಂದಿತು; ಅದರಿಂದ ಒಂದು ಉತ್ಕೃಷ್ಟವಾದ ಕತೆ ಹುಟ್ಟಿತು. ಪುಸ್ತಕ ಮಾರುವವನು, ಹಾಲು ಕರೆಯುವವನ ಹೆಂಡತಿ, ವೈದ್ಯರ ಕೊಠಡಿಯ ಹೊರಗೆ ಸರದಿ ಕಾಯುವ ಜನ, ಇವರೇ ಅವಳ ಪಾತ್ರಗಳು. ಕತೆಗಳು ಕಠಿಣವಾದವು. ತಮ್ಮನ್ನು ತಾವು ಬಹಳ ಒಳ್ಳೆಯವರೆಂದು ನಂಬಿದ ಜನರು ಒಂದು ಗಳಿಗೆಯಲ್ಲಿ ಆ ನಂಬಿಕೆಯನ್ನು ಕಳೆದುಕೊಳ್ಳುವ ಬಗೆಯನ್ನು ನಗಿಸುತ್ತಲೇ ಹೇಳಿ, ಕೊನೆಯಲ್ಲಿ ಬೆಚ್ಚಿಬೀಳಿಸುತ್ತವೆ. ಪೂರ್ತಿ ಬೆಳೆದ ಮೇಲೆ ಓದಿರಿ, ಈಗಲೇ ಬೇಡ.

1955ರಲ್ಲಿ ಅವಳ ಪ್ರಸಿದ್ಧವಾದ ಕಥಾಸಂಗ್ರಹ ಹೊರಬಂದಿತು. ಅದರಲ್ಲಿ ಮರದ ಕಾಲಿನ ಒಬ್ಬ ವಿದ್ಯಾವಂತೆಯ ಕತೆಯಿದೆ. ಬೈಬಲ್ ಮಾರುವ ತರುಣನೊಬ್ಬನು ಅವಳನ್ನು ನಂಬಿಸಿ, ಆ ಕಾಲನ್ನೇ ಕದ್ದುಕೊಂಡು ಹೋಗುತ್ತಾನೆ. ಅದೇ ವರ್ಷ ಫ್ಲ್ಯಾನರಿಗೂ ಊರುಗೋಲುಗಳು ಬಂದವು. ಸೊಂಟದ ಕೀಲಿನ ಮೂಳೆ ಸವೆಯತೊಡಗಿತ್ತು. ರೋಗವನ್ನು ತಡೆಯುವ ಔಷಧವೇ ಮೂಳೆಯನ್ನು ತಿನ್ನುವುದೂ ಉಂಟು. ಅಂದಿನ ವೈದ್ಯರಿಗೆ ಇದು ಇನ್ನೂ ಸ್ಪಷ್ಟವಾಗಿರಲಿಲ್ಲ. ಅಲ್ಯೂಮಿನಿಯಮ್ಮಿನ ಆ ಎರಡು ಕೋಲುಗಳನ್ನು ಊರಿಕೊಂಡೇ ಅವಳು ರೈಲು, ವಿಮಾನಗಳನ್ನು ಹತ್ತಿ ದೂರದ ಕಾಲೇಜುಗಳಿಗೆ ಹೋಗಿ ಹತ್ತಾರು ಉಪನ್ಯಾಸಗಳನ್ನು ಕೊಟ್ಟು ಬಂದಳು. ಅದರಿಂದ ಬಂದ ಹಣ ಮನೆಗೆ ಬೇಕಾಗಿತ್ತು. ಹೊರಗೆ ಹೋಗುವುದು ಮನಸ್ಸಿಗೂ ಬೇಕಾಗಿತ್ತು. 1958ರಲ್ಲಿ ನೆಂಟರೊಬ್ಬರ ಒತ್ತಾಯದ ಮೇಲೆ ತಾಯಿಯೊಡನೆ ಫ್ರಾನ್ಸ್ ದೇಶದ ಲೂರ್ದ್ ಎಂಬ ತೀರ್ಥಕ್ಷೇತ್ರಕ್ಕೆ ಹೋದಳು. ರೋಗಿಗಳು ಮಿಂದು ಹರಕೆ ಸಲ್ಲಿಸುವ ಸ್ಥಳ ಅದು. ಅವಳೂ ಒಲ್ಲದ ಮನಸ್ಸಿನಿಂದ ಮಿಂದಳು. ಆದರೆ ದೇವರಲ್ಲಿ ಬೇಡಿಕೊಂಡದ್ದು ತನ್ನ ಮೂಳೆಗಳ ಸಲುವಾಗಿಯಲ್ಲ, ಅರ್ಧಕ್ಕೆ ನಿಂತಿದ್ದ ತನ್ನ ಎರಡನೆಯ ಕಾದಂಬರಿಯ ಸಲುವಾಗಿ. ಅದು 1960ರಲ್ಲಿ ಪ್ರಕಟವಾಯಿತು. ಲೂರ್ದ್‌ಗೆ ಹೋದ ವರ್ಷವೇ, ಮೂವತ್ತಮೂರನೆಯ ವಯಸ್ಸಿನಲ್ಲಿ, ಕಾರು ಓಡಿಸುವ ಪರೀಕ್ಷೆಗೂ ಕುಳಿತು ತೇರ್ಗಡೆಯಾದಳು.

1964ರ ಫೆಬ್ರವರಿಯಲ್ಲಿ ಬೇರೊಂದು ತೊಂದರೆಗಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಅದು ಯಶಸ್ವಿಯಾದರೂ, ಮಲಗಿದ್ದ ತೋಳವು ಅದರಿಂದ ಎಚ್ಚೆತ್ತಿತು. ಮೂತ್ರಪಿಂಡಗಳು ಸೋಲತೊಡಗಿದವು. ಆ ಬೇಸಿಗೆಯನ್ನು ಅವಳು ಅಟ್ಲಾಂಟಾದ ಆಸ್ಪತ್ರೆಯಲ್ಲಿಯೂ ಮನೆಯಲ್ಲಿಯೂ ಕಳೆದಳು. ಕೊನೆಯ ಕಥಾಸಂಗ್ರಹದ ಕೆಲವು ಕತೆಗಳು ಇನ್ನೂ ಮುಗಿದಿರಲಿಲ್ಲ. ಕೆಲಸ ಮಾಡಕೂಡದೆಂದು ಗದರಿಯಾರೆಂದು ಹಸ್ತಪ್ರತಿಯನ್ನು ದಿಂಬಿನ ಕೆಳಗೆ ಅಡಗಿಸಿಟ್ಟುಕೊಂಡು, ಯಾರೂ ಇಲ್ಲದಾಗ ತೆಗೆದು ತಿದ್ದುತ್ತಿದ್ದಳು. ಮನೆಗೆ ಬಂದ ಮೇಲೆ ದಿನಕ್ಕೆ ಒಂದು ಗಂಟೆ ಕುಳಿತರೆ ಹೆಚ್ಚು. ಆ ಒಂದು ಗಂಟೆಯನ್ನೂ ಬಿಡಲಿಲ್ಲ. ಕತೆಗಳು ಮುಗಿದವು. 1964ನೆಯ ಇಸವಿ ಆಗಸ್ಟ್ 3ರಂದು, ಮಿಲೆಜ್‌ವಿಲ್‌ನ ಆಸ್ಪತ್ರೆಯಲ್ಲಿ, ತನ್ನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಫ್ಲ್ಯಾನರಿ ಓಕಾನರ್ ಕಾಲವಾದಳು. ಆ ಸಂಗ್ರಹವು 1965ರಲ್ಲಿ ಬೆಳಕು ಕಂಡಿತು. ಅವಳ ಸಮಗ್ರ ಕತೆಗಳ ಸಂಪುಟಕ್ಕೆ 1972ರಲ್ಲಿ ಅಮೆರಿಕಾದ ರಾಷ್ಟ್ರೀಯ ಗ್ರಂಥ ಪುರಸ್ಕಾರ ಸಂದಿತು. ಮಗಳ ಅನಂತರ ತಾಯಿ ರೆಜೀನಾ 1995ರವರೆಗೆ, ತೊಂಬತ್ತೊಂಬತ್ತು ವರ್ಷ ವಯಸ್ಸಿನವರೆಗೆ, ಬದುಕಿದ್ದಳು. ಆಂಡಲೂಸಿಯಾದ ಮನೆಯನ್ನು ಈಗ ಅವಳು ಓದಿದ ಕಾಲೇಜಿನವರೇ ನೋಡಿಕೊಳ್ಳುತ್ತಿದ್ದಾರ‍ೆ.

ಅವಳಿಗೆ ರೋಗವು ತಿಳಿದುಬಂದ ಮೇಲೆ ದೊರೆತದ್ದು ಹದಿಮೂರು ಚಿಲ್ಲರೆ ವರ್ಷಗಳು. ಅವಳ ತಂದೆಯ ಪಾಲಿಗೆ ಬಂದುದಕ್ಕಿಂತ ಅದು ಎಷ್ಟೋ ಅಧಿಕ. ಇಂದಿನ ರೋಗಿಗಳಿಗೆ ಅದಕ್ಕಿಂತಲೂ ಅಧಿಕವಾಗಿ ದೊರೆಯುತ್ತದೆ. ಮಲೇರಿಯಾ ಜ್ವರಕ್ಕೆ ಕೊಡುತ್ತಿದ್ದ ಔಷಧದ ಜಾತಿಗೆ ಸೇರಿದ ಹೈಡ್ರಾಕ್ಸಿಕ್ಲೋರೊಕ್ವಿನ್ ಎಂಬ ಗುಳಿಗೆಯು ಈ ರೋಗವು ಮತ್ತೆ ಮತ್ತೆ ಕೆರಳದಂತೆ ತಡೆಯುತ್ತದೆ. ಕಾರ್ಟಿಸೋನ್ ಜಾತಿಯ ಔಷಧವನ್ನು ಈಗ ಸಾಧ್ಯವಾದಷ್ಟು ಕಡಿಮೆ ಮಾಡುತ್ತಾರೆ. ಮೂತ್ರಪಿಂಡವನ್ನು ಆಗಾಗ ಪರೀಕ್ಷಿಸಿ ಮೊದಲೇ ಎಚ್ಚರಗೊಳ್ಳುತ್ತಾರೆ. ನನ್ನ ತಂಗಿ ಎರಡು ಬಗೆಯ ಗುಳಿಗೆಗಳನ್ನೂ ತೆಗೆದುಕೊಳ್ಳುತ್ತಾಳೆ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆಯನ್ನೂ ಮಾಡಿಸಬೇಕು.

ಫ್ಲ್ಯಾನರಿಯ ದಿನಚರಿಯನ್ನು ಓದಿ ಹೇಳಿದಾಗ ತಂಗಿಗೆ ಹಿಡಿಸಿದ್ದು ಕತೆಗಳಲ್ಲ, ಕಾದಂಬರಿಯೂ ಅಲ್ಲ. ಆ ಒಂಬತ್ತರಿಂದ ಹನ್ನೆರಡು. ಅವಳಿಗೆ ಹೊಲಿಗೆ ಚೆನ್ನಾಗಿ ಬರುತ್ತದೆ. ಬೆಳಗ್ಗೆ ಎದ್ದಾಗ ಬಿಗಿದಿರುವ ಬೆರಳುಗಳು ಬಿಸಿನೀರಿನಲ್ಲಿ ಅದ್ದಿದ ಮೇಲೆ ಹತ್ತು ಗಂಟೆಯ ವೇಳೆಗೆ ಸಡಿಲವಾಗುತ್ತವೆ. ಹತ್ತರಿಂದ ಹನ್ನೆರಡರವರೆಗೆ ಹೊಲಿಗೆಯ ಯಂತ್ರದ ಮುಂದೆ ಕುಳಿತುಕೊಳ್ಳುತ್ತಾಳೆ. ಯಂತ್ರವನ್ನು ಗೋಡೆಗೆ ಎದುರಾಗಿ ಹಾಕಿಸಿಕೊಂಡಿದ್ದಾಳೆ. ಅವಳಿಗೆ ಅದು ಬಿಸಿಲಿನ ದೆಸೆಯಿಂದ. ವಾರಕ್ಕೆ ನಾಲ್ಕು ರವಿಕೆ ಆದರೆ ಅದು ಒಳ್ಳೆಯ ವಾರ. ಒಂದೂ ಆಗದ ವಾರವೂ ಇದೆ. ಆಗ ಬಟ್ಟೆ ಕೊಟ್ಟವರಿಗೆ ಫೋನ್ ಮಾಡಿ, ನೆಪ ಹೇಳದೆ, ಕಾಯಿಲೆಯ ಹೆಸರನ್ನೇ ಹೇಳಿ ತಡವಾಗುವುದೆಂದು ತಿಳಿಸುತ್ತಾಳೆ. ಇದುವರೆಗೆ ಒಬ್ಬರು ಮಾತ್ರ ಬಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿದ್ದಾರೆ.

ಸಂಜೆ ಹೊತ್ತು ಮುಳುಗಿದ ಮೇಲೆ ಅವಳು ಕೊಡೆಯಿಲ್ಲದೆ ಹೊರಗೆ ಬರುತ್ತಾಳೆ. 1968ರ ವಸ್ತುಪ್ರದರ್ಶನಕ್ಕಾಗಿ ಕಟ್ಟಿದ ನಮ್ಮ ಬಡಾವಣೆಯ ಎತ್ತರವಾದ ಗೋಪುರವು ನಿಮಗೆ ಗೊತ್ತಷ್ಟೆ. ಅದರ ಸುತ್ತಲಿನ ಉದ್ಯಾನದಲ್ಲಿ, ಮೈಗೆ ಒಗ್ಗಿದ ದಿನಗಳಲ್ಲಿ, ಎರಡು ಸುತ್ತು ನಡೆದು, ಹೊಂಗೆಯ ಮರದ ಕೆಳಗಿನ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾಳೆ. ಆ ಕಡೆಗೆ ಬಂದವರು ಮಾತನಾಡಿಸಿರಿ. ಪಕ್ಕದಲ್ಲಿ ಕುಳಿತುಕೊಳ್ಳಿರಿ. ಅವಳಿಗೆ ಮಾತೆಂದರೆ ಬಹಳ ಇಷ್ಟ. ಅದರಲ್ಲಿಯೂ ಕನ್ನಡದ ಮಾತೆಂದರೆ.